ನನ್ನ ಕರ್ಮ, ಅವರ ಕರ್ಮ

ಕೊಯಮತ್ತೂರಿನ ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬೀಳಬೇಕೆಂದರೆ ಮೈಸೂರು ಬಸ್ಸಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು. ಸತ್ಯಮಂಗಲ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ, ಚಾಮರಾಜನಗರದ ಮೇಲೆ ಹೋಗುವ ಬಸ್ಸು ಅದು. ತಾಳವಾಡಿಯ ರೈತರು, ಮಾದಪ್ಪನ ಒಕ್ಕಲಿನವರು, ಊರೊಳಗಿನ ದೇವಾಂಗ ನೇಕಾರರ ಮನೆಯವರು, ಎಲ್ಲರ ಬಾಯಲ್ಲೂ ತಮಿಳು ಬೆರೆತ ಕನ್ನಡ. ಆಶ್ಚರ್ಯವೇನಿಲ್ಲ, ಕೊಳ್ಳೇಗಾಲವೇ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು.

ಅಲ್ಲಿ ಕೇಳಿಸಿಕೊಂಡ ಮಾತುಗಳಲ್ಲಿ ನನ್ನ ತಲೆಯಿಂದ ಇಳಿಯದೇ ಉಳಿದದ್ದು 2020ರ ಫೆಬ್ರವರಿಯದು. ಆ ತಿಂಗಳ 20ರ ನಸುಕಿನಲ್ಲಿ ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳ ಸಾರಿಗೆ ಬಸ್ಸಿಗೆ ಅವಿನಾಶಿಯ ಹತ್ತಿರ ಲಾರಿಯೊಂದು ಅಪ್ಪಳಿಸಿತು. ಟೈಲ್ಸ್ ತುಂಬಿದ್ದ ಕಂಟೇನರ್ ಲಾರಿ, ಎದುರು ದಿಕ್ಕಿನಿಂದ ರಸ್ತೆ ವಿಭಜಕ ದಾಟಿ ಬಂದಿತ್ತು. 19 ಜನ ಸತ್ತರು. ಮರುದಿನ ನಿಲ್ದಾಣದ ಚಹಾ ಅಂಗಡಿಯಲ್ಲಿ ಅದೇ ಸುದ್ದಿ. ಒಬ್ಬರು ‘ಅವರವರ ಹಣೆಬರಹ’ ಎಂದರು. ಇನ್ನೊಬ್ಬರು ‘ಯಾವ ಜನ್ಮದ ಪಾಪವೋ’ ಎಂದು ಲೋಟ ಕೆಳಗಿಟ್ಟರು. ಮೂರನೆಯವರ ಪರಿಚಯದ ಹುಡುಗನೊಬ್ಬ ಅದೇ ಬಸ್ಸಿಗೆ ಟಿಕೆಟ್ ಮಾಡಿಸಿ ಕೊನೇ ಗಳಿಗೆಯಲ್ಲಿ ಬಿಟ್ಟಿದ್ದನಂತೆ. ‘ನಂಬಿದ ದೇವರು ಕೈಬಿಡಲಿಲ್ಲ ನೋಡಿ’ ಎಂದರು. ಎಲ್ಲರೂ ತಲೆದೂಗಿದರು, ನಾನೂ ತಲೆದೂಗಿದೆ. ಬಸ್ಸಿನಲ್ಲಿದ್ದ 19 ಜನ ನಂಬಿದ ದೇವರು ಎಲ್ಲಿ ಹೋಗಿದ್ದ ಎಂಬುದು ಚಹಾ ಕುಡಿದು ಮುಗಿಸುವವರೆಗೂ ಯಾರಿಗೂ ಹೊಳೆಯಲಿಲ್ಲ. ಉಳಿದವನ ಕೃತಜ್ಞತೆಯ ಮಾತು ಸತ್ತವರ ಮೇಲೆ ತೀರ್ಪಾಗಿ ಬೀಳಬಹುದೆಂದು ನನಗೆ ಹೊಳೆದದ್ದು ಆಮೇಲೆ, ಎರಡು ದಿನ ಪತ್ರಿಕೆ ಓದಿದ ನಂತರ.

ಪತ್ರಿಕೆಯಲ್ಲಿ ಬಂದದ್ದು ಇದು. ಸತ್ತ 19 ಜನರಲ್ಲಿ ಬಸ್ಸಿನ ಚಾಲಕ, ನಿರ್ವಾಹಕ ಇಬ್ಬರೂ ಇದ್ದರು. 2018ರಲ್ಲಿ ಇದೇ ಇಬ್ಬರು, ಪ್ರಯಾಣಿಕರೊಬ್ಬರು ನಡುದಾರಿಯಲ್ಲಿ ಕಾಯಿಲೆ ಬಿದ್ದಾಗ, ಬಸ್ಸನ್ನೇ ಆಸ್ಪತ್ರೆಯ ಕಡೆ ತಿರುಗಿಸಿ ಜೀವ ಉಳಿಸಿದ್ದರು. ಇಲಾಖೆ ಅದಕ್ಕಾಗಿ ಅವರನ್ನು ಮೆಚ್ಚಿಕೊಂಡಿತ್ತು. ‘ಮಾಡಿದ್ದುಣ್ಣೋ ಮಾರಾಯ’ ಎಂಬ ನಮ್ಮ ಗಾದೆಯನ್ನು ಈ ಇಬ್ಬರ ಮುಂದೆ ಇಟ್ಟರೆ ಗಾದೆಯೇ ತಬ್ಬಿಬ್ಬಾಗುತ್ತದೆ.

ಅವಿನಾಶಿ ಈಗ ತಿರುಪ್ಪೂರು ಜಿಲ್ಲೆಯಲ್ಲಿದೆ. ಶೈವರಿಗೆ ಆ ಊರು ಇನ್ನೊಂದು ಸಾವಿನಿಂದ ಪರಿಚಿತ. 12ನೇ ಶತಮಾನದ ಸೇಕ್ಕಿಳಾರ್ ಬರೆದ ‘ಪೆರಿಯ ಪುರಾಣ’ದ ಪ್ರಕಾರ ಸುಂದರರ್ ಚೇರನಾಡಿಗೆ ಹೋಗುವಾಗ ಈ ಊರಿನ ಬೀದಿಯಲ್ಲಿ ನಡೆದು ಬಂದರು. ಕನ್ನಡಿಗರಿಗೆ ಅವರು ಹರಿಹರನ ರಗಳೆಯ ನಂಬಿಯಣ್ಣ. ಬೀದಿಯ ಒಂದು ಮನೆಯಲ್ಲಿ ಮಂಗಳವಾದ್ಯ, ಎದುರು ಮನೆಯಲ್ಲಿ ಅಳು. ವಿಚಾರಿಸಿದರೆ, ಕೆಲವು ವರ್ಷದ ಹಿಂದೆ ಒಂದೇ ವಯಸ್ಸಿನ ಇಬ್ಬರು ಹುಡುಗರು ಕೆರೆಗೆ ಸ್ನಾನಕ್ಕೆ ಹೋಗಿದ್ದರು, ಒಬ್ಬನನ್ನು ಮೊಸಳೆ ನುಂಗಿತು. ಉಳಿದವನಿಗೆ ಇವತ್ತು ಉಪನಯನ. ಆ ವಾದ್ಯ ಕೇಳಿ ಈ ಮನೆಯವರಿಗೆ ತಮ್ಮ ಮಗನ ನೆನಪು. ಮಗ ಹೋದ ಆ ತಂದೆತಾಯಿ ಸುಂದರರ್ ಬಂದದ್ದು ತಿಳಿದು ಕಣ್ಣೊರೆಸಿಕೊಂಡು, ಮುಖದಲ್ಲಿ ನಗು ತಂದುಕೊಂಡು ಹೊರಬಂದರು. ಸುಂದರರ್ ಕೆರೆಯ ದಂಡೆಗೆ ಹೋಗಿ ಹಾಡಿದರು, ಮೊಸಳೆ ಹುಡುಗನನ್ನು ತಂದು ಬಿಟ್ಟಿತು ಎಂಬುದು ಕತೆಯ ಕೊನೆ.

ಪವಾಡವನ್ನು ನಂಬುವವರು ನಂಬಲಿ. ನನಗೆ ಮುಖ್ಯವೆನಿಸಿದ್ದು ಬೇರೆ. ಒಂದೇ ಕೆರೆ, ಒಂದೇ ವಯಸ್ಸು, ಒಂದೇ ಗಳಿಗೆ; ಮೊಸಳೆ ಇವನನ್ನೇ ಯಾಕೆ ಹಿಡಿಯಿತು ಎಂದು ಕತೆಯಲ್ಲಿ ಯಾರೂ ಯಾರಿಗೂ ವಿವರಿಸುವುದಿಲ್ಲ. ಸುಂದರರ್‌ಗೆ ಆ ತಂದೆತಾಯಿಯ ಹಿಂದಿನ ಜನ್ಮ ಗೊತ್ತಿದ್ದರೂ ಇರಬಹುದು, ಅವರ ಹತ್ತಿರ ಆ ಮಾತೆತ್ತುವುದಿಲ್ಲ. ಸುಂದರರ್‌ಗೆ ಜಗಳವೇನಿದ್ದರೂ ಶಿವನ ಜೊತೆ. ನೊಂದವರ ಕಡೆ ಪ್ರಶ್ನೆ ಇಲ್ಲ, ದೇವರ ಕಡೆ ಮಾತ್ರ ಪ್ರಶ್ನೆ. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವಾಗಿರುತ್ತದೆ.

ಕರ್ಮಸಿದ್ಧಾಂತ ಈ ನೆಲದಲ್ಲಿ ಹುಟ್ಟಿದ್ದೇ ನೆರೆಯವರನ್ನು ಹೀಗಳೆಯಲು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವೇದಾಂತದಲ್ಲಿ ಅದು ಬರುವುದು ದೇವರ ಪರ ವಕಾಲತ್ತಾಗಿ. ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಎದುರಾಳಿ ದೇವರ ಮೇಲೆ ಎರಡು ಆರೋಪ ಹೊರಿಸುತ್ತಾನೆ: ವೈಷಮ್ಯ, ಅಂದರೆ ಪಕ್ಷಪಾತ, ನೈರ್ಘೃಣ್ಯ, ಅಂದರೆ ಕರುಣೆಯಿಲ್ಲದಿರುವುದು. ಜೀವಿಗಳ ಕರ್ಮವನ್ನು ನೋಡಿಕೊಂಡು ಫಲ ಕೊಡುತ್ತಾನಾದ್ದರಿಂದ ಆರೋಪ ನಿಲ್ಲುವುದಿಲ್ಲ ಎಂಬುದು ಉತ್ತರ. ಶಂಕರರು ಇಲ್ಲಿ ಮಳೆಯ ಉಪಮೆ ತರುತ್ತಾರೆ. ಮಳೆ ಎಲ್ಲಕ್ಕೂ ಒಂದೇ, ಭತ್ತ ಭತ್ತವಾಗಿ ಜವೆ ಜವೆಯಾಗಿ ಬೆಳೆಯುವುದು ಬೀಜದಿಂದ. ಉಡುಪಿಯ ಮಧ್ವರು 13ನೇ ಶತಮಾನದಲ್ಲಿ ಇದನ್ನು ಇನ್ನೂ ಬಿಗಿ ಮಾಡಿದರು. ಸ್ವತಂತ್ರ ಎಂಬ ಪದಕ್ಕೆ ಹರಿ ಒಬ್ಬನೇ ಅರ್ಹ, ಉಳಿದದ್ದೆಲ್ಲ ಅಸ್ವತಂತ್ರ. ಜೀವರಲ್ಲೂ ಸ್ವಭಾವದಿಂದಲೇ ತಾರತಮ್ಯವಿದೆ ಎಂದರು. ದೇವರ ಸಾರ್ವಭೌಮತ್ವವನ್ನು ಕನ್ನಡ ನಾಡಿನಲ್ಲಿ ಇಷ್ಟು ಖಂಡಿತವಾಗಿ ಹೇಳಿದವರು ಇನ್ನೊಬ್ಬರಿಲ್ಲ. ಯಾರು ಯಾವ ವರ್ಗದ ಜೀವ ಎಂದು ಬೀದಿಯಲ್ಲಿ ನಿಂತು ಗುರುತಿಸುವ ಅಧಿಕಾರವೂ ಅದೇ ತರ್ಕದಿಂದ ಮನುಷ್ಯನಿಗೆ ತಪ್ಪಿಹೋಗುತ್ತದೆ. ಈ ಎರಡನೇ ಮಾತನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು, ಅವರು’ ಪ್ರಥಮ ಪುರುಷ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಕರ್ಮದ ವಿಷಯದಲ್ಲಿ ಎಲ್ಲ ವ್ಯತ್ಯಾಸವೂ ಈ ಪುರುಷದಲ್ಲೇ ಇದೆ ಎಂದು ನನಗೆ ಬರಬರುತ್ತ ಖಚಿತವಾಗಿದೆ. ‘ನನ್ನ ಕರ್ಮ’ ಎಂದು ಹಣೆ ಬಡಿದುಕೊಳ್ಳುವವಳು ಭಾರ ಇಳಿಸುತ್ತಿದ್ದಾಳೆ. ಯಾರನ್ನೂ ದೂರದೆ, ಎದ್ದು ಒಲೆ ಹಚ್ಚಲು ಅವಳಿಗೆ ಆ ಮಾತು ಬೇಕು. ಅದೇ ಮಾತನ್ನು ಪಕ್ಕದ ಮನೆಯವರು ‘ಅವಳ ಕರ್ಮ’ ಎಂದರೆ ಅದು ಕೋರ್ಟಿನ ಮಾತು. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ಶಿಕ್ಷೆ ಮಾತ್ರ ಆಗಿಹೋಗಿದೆ.

ಶ್ರೀವೈಷ್ಣವರ ಪರಂಪರೆಯಲ್ಲಿ ಕೂರೇಶರ ಪ್ರಸಂಗವಿದೆ. ಚೋಳರಾಜನ ಕಾಟದಿಂದ ರಾಮಾನುಜರು ಮೇಲುಕೋಟೆಯ ಕಡೆ ಬಂದಾಗ ಅವರ ಬದಲಿಗೆ ರಾಜಸಭೆಗೆ ಹೋದ ಶಿಷ್ಯ ಕೂರೇಶರು ಕಣ್ಣು ಕಳೆದುಕೊಂಡರು. ನಿನ್ನಂಥವನಿಗೆ ಹೀಗೇಕಾಯಿತು ಎಂದು ರಾಮಾನುಜರು ಮರುಗಿದರೆ ಕೂರೇಶರು ತಮ್ಮಲ್ಲೇ ತಪ್ಪು ಹುಡುಕಿದರಂತೆ: ಎಂದೋ ಒಮ್ಮೆ ಇನ್ನೊಬ್ಬ ಭಕ್ತನ ಹಣೆಯ ನಾಮ ಸೊಟ್ಟಗಿದೆ ಎಂದುಕೊಂಡಿರಬೇಕು, ಅದಕ್ಕೆ. ಆ ಸಭೆಯಲ್ಲಿದ್ದು ತಮ್ಮನ್ನು ಈ ಸ್ಥಿತಿಗೆ ತಂದ ನಾಲೂರನಿಗೆ ಮಾತ್ರ ತಮಗೆ ಸಿಗುವ ಗತಿಯೇ ಸಿಗಲಿ ಎಂದು ಕಂಚಿಯ ವರದರಾಜನಲ್ಲಿ ಬೇಡಿದರು. ಉತ್ತಮ ಪುರುಷದಲ್ಲಿ ಇಷ್ಟು ಕಠಿಣ, ಪ್ರಥಮ ಪುರುಷದಲ್ಲಿ ಇಷ್ಟು ಮೃದು. ಕಣ್ಣು ಕೀಳಿಸಿದ ರಾಜನ ತಪ್ಪು ಇದರಿಂದ ಕಡಿಮೆಯಾಗುವುದಿಲ್ಲ, ಅದು ಬೇರೆ.

ಪೂರ್ವಜನ್ಮದ ಕತೆಗಳಿಗೆ ನಮ್ಮಲ್ಲಿ ಬರವಿಲ್ಲ. ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯಲ್ಲಿ ಸುಕುಮಾರಸ್ವಾಮಿಯನ್ನು ನರಿಯೊಂದು ಮರಿಗಳೊಡನೆ ತಿನ್ನುತ್ತದೆ, ಹಿಂದಿನ ಜನ್ಮದಲ್ಲಿ ಅವನು ಒದ್ದ ಅತ್ತಿಗೆಯೇ ಆ ನರಿ. ಲೆಕ್ಕ ಪೂರ್ತಿ ಚುಕ್ತಾ. ಆದರೆ ಲೆಕ್ಕ ಗೊತ್ತಿರುವುದು ಕತೆ ಹೇಳುವವನಿಗೆ. ಚಹಾ ಅಂಗಡಿಯಲ್ಲಿ ನಿಂತ ನಮಗೆ ಯಾವ ನರಿ ಯಾರ ಅತ್ತಿಗೆ ಎಂದು ಹೇಗೆ ಗೊತ್ತಾಗಬೇಕು?

ಇದಕ್ಕೆ ವಿರುದ್ಧವಾದ ಕತೆಯನ್ನೂ ಕನ್ನಡ ಅಷ್ಟೇ ಪ್ರೀತಿಯಿಂದ ಇಟ್ಟುಕೊಂಡಿದೆ. ರಾಘವಾಂಕನ ಹರಿಶ್ಚಂದ್ರ ರಾಜ್ಯ ಕಳೆದುಕೊಳ್ಳುವುದು, ಹೆಂಡತಿ ಮಗನನ್ನು ಮಾರುವುದು, ಸ್ಮಶಾನ ಕಾಯುವುದು, ಇದ್ಯಾವುದೂ ಅವನ ಪಾಪದ ಫಲವಲ್ಲ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಮಾತಿಗೆ ಮಾತು ಬೆಳೆದು ಪಣವಾಯಿತು, ಅಷ್ಟೆ. ಪಣದ ಸಂಗತಿ ಓದುಗನಿಗೆ ಗೊತ್ತು, ಹರಿಶ್ಚಂದ್ರನಿಗೆ ಗೊತ್ತಿಲ್ಲ. ಹಾವು ಕಚ್ಚಿದ ಲೋಹಿತಾಶ್ವನನ್ನು ಹೊತ್ತು ಚಂದ್ರಮತಿ ಬರುವಾಗ ಕಾಶಿಯ ಬೀದಿಯಲ್ಲಿದ್ದ ಯಾರಾದರೂ ‘ಏನು ಪಾಪ ಮಾಡಿದ್ದಳೋ’ ಎಂದಿದ್ದರೆ ಅವರ ಅಂದಾಜು ಪೂರಾ ತಪ್ಪು. ಬೈಬಲಿನ ಯೋಬನ ಗ್ರಂಥದ ಕಟ್ಟೂ ಇದೇ: ಮೇಲೆ ಒಂದು ಪಣ, ಕೆಳಗೆ ಏನೂ ಅರಿಯದ ಒಬ್ಬ ಸಜ್ಜನ. ಆಸ್ತಿ ಹೋಯಿತು, ಮಕ್ಕಳು ಸತ್ತರು, ಮೈಯೆಲ್ಲ ಹುಣ್ಣಾಯಿತು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಾಡದೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು. ದೇವರು ನ್ಯಾಯವಂತ, ನೀನು ನರಳುತ್ತಿದ್ದೀಯ, ಆದ್ದರಿಂದ ನೀನು ಪಾಪಿ ಎಂದು ಹತ್ತಾರು ಅಧ್ಯಾಯ ದೇವರ ಪರ ವಾದಿಸಿದರು. ಕೊನೆಗೆ ದೇವರು ಸಿಟ್ಟಾದದ್ದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ವಕೀಲರ ಮೇಲೆ. ಯೇಸುವಿನ ಮುಂದೆಯೂ ಇದೇ ಪ್ರಶ್ನೆ ಬರುತ್ತದೆ. ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎಂದು ಹೇಳಿ, ನೀವು ನಿಮ್ಮದನ್ನು ನೋಡಿಕೊಳ್ಳಿ ಎಂಬಂತೆ ಮಾತನ್ನು ಕೇಳುಗರ ಕಡೆಗೇ ತಿರುಗಿಸುತ್ತಾನೆ. ಕುರಾನಿನ ‘ಅಲ್ ಕಹ್ಫ್’ ಅಧ್ಯಾಯದಲ್ಲಿ ಪ್ರವಾದಿ ಮೂಸಾ ಅವರಂಥವರೇ ಕಣ್ಣೆದುರಿನ ಘಟನೆಯ ಅರ್ಥ ಸಿಗದೆ ತಾಳ್ಮೆ ಕಳೆದುಕೊಳ್ಳುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ದೊಡ್ಡವರು ಎಡವಿದ್ದಾರೆ. ಗಾಂಧಿಪುರಂನಲ್ಲಿ ನಿಂತು ಇದನ್ನು ಹೇಳದೆ ಹೋದರೆ ಅಪ್ರಾಮಾಣಿಕತೆ, ಯಾಕೆಂದರೆ ಎಡವಿದವರು ಈ ಬಡಾವಣೆ ಹೊತ್ತಿರುವ ಹೆಸರಿನವರೇ. 1934ರ ಜನವರಿ 15ರ ಮಧ್ಯಾಹ್ನ ಬಿಹಾರದಲ್ಲಿ ಭೂಮಿ ನಡುಗಿತು. ಬಿಹಾರ, ನೇಪಾಳ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಾಂಧೀಜಿ ಆಗ ಹರಿಜನ ಪ್ರವಾಸದಲ್ಲಿ ದಕ್ಷಿಣದಲ್ಲಿದ್ದರು. ಜನವರಿ 24ರಂದು ತಿರುನೆಲ್ವೇಲಿಯ ಸಭೆಯಲ್ಲಿ, ಈ ಭೂಕಂಪ ಅಸ್ಪೃಶ್ಯತೆ ಎಂಬ ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಫೆಬ್ರವರಿಯಲ್ಲಿ ಕೊಯಮತ್ತೂರಿಗೆ ಬಂದರು, ಪೋತನೂರಿನಲ್ಲಿ ತಂಗಿದರು. ಅದೇ ತಿಂಗಳು ಕೊಡಗು, ಮಂಗಳೂರು, ಉಡುಪಿ ಎಂದು ಕನ್ನಡದ ಸೀಮೆಯಲ್ಲೂ ಓಡಾಡಿದರು. ಹೋದಲ್ಲೆಲ್ಲ ಅಸ್ಪೃಶ್ಯತೆಯ ವಿರುದ್ಧ ಮಾತು, ಬಿಹಾರದ ಸಂತ್ರಸ್ತರಿಗೂ ಚಂದಾ.

ರವೀಂದ್ರನಾಥ ಟಾಗೋರರು ಸುಮ್ಮನಿರಲಿಲ್ಲ. ಅಸ್ಪೃಶ್ಯತೆಯ ವಿಷಯದಲ್ಲಿ ಅವರು ಗಾಂಧಿಯ ಕಡೆಯವರೇ. ಆದರೂ ಪ್ರಕೃತಿಯ ಅನಾಹುತಕ್ಕೆ ಪ್ರಕೃತಿಯಲ್ಲೇ ಕಾರಣ ಇರಬೇಕು, ಅದನ್ನು ನೀತಿಯ ಜೊತೆ ಗಂಟು ಹಾಕಬಾರದು ಎಂದು ಬರೆದರು. ಗಾಂಧಿಯ ವಾದವನ್ನೇ ಹಿಡಿದು ಸನಾತನಿಗಳು ನಿಮ್ಮ ಚಳವಳಿಯಿಂದಲೇ ಭೂಮಿ ನಡುಗಿತು ಎನ್ನಲು ಅಡ್ಡಿಯೇನು ಎಂಬುದು ಅವರ ಮಾತಿನ ಮೊನೆ. ಗಾಂಧೀಜಿ ಆ ಬರಹವನ್ನು ತಮ್ಮ ಉತ್ತರದ ಜೊತೆಗೇ ಫೆಬ್ರವರಿ 16ರ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನಂಬಿಕೆಯನ್ನು ಮಾತ್ರ ಬಿಡಲಿಲ್ಲ. ಎರಡು ವರ್ಷದ ನಂತರ ನೆಹರೂ ತಮ್ಮ ಆತ್ಮಕಥೆಯಲ್ಲಿ ಇದನ್ನು ಕೆದಕಿ, ಹಾಗಾದರೆ ಬಿಹಾರಿಗಳ ಕಾನೂನುಭಂಗ ಚಳವಳಿಗೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಬ್ರಿಟಿಷ್ ಸರ್ಕಾರವೂ ಹೇಳಬಹುದಲ್ಲ ಎಂಬ ಅರ್ಥದ ಮಾತಾಡಿದರು.

ಈ ಜಗಳವನ್ನು ವಿಜ್ಞಾನ ಮತ್ತು ಮೌಢ್ಯದ ನಡುವಿನದು ಎಂದು ಓದುವುದು ರೂಢಿ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಸಾವಿರಾರು ವರ್ಷ ಈ ದೇಶದಲ್ಲಿ ದಲಿತರಿಗೆ ಹೇಳಿಕೊಂಡು ಬಂದದ್ದೇನು? ನಿಮ್ಮ ಈ ಬಾಳು ನಿಮ್ಮ ಹಿಂದಿನ ಜನ್ಮದ ಪಾಪ. ಪ್ರಥಮ ಪುರುಷದ ಕರ್ಮ ಇಡೀ ಸಮಾಜದ ಕಟ್ಟಳೆಯಾಗಿ ನಿಂತದ್ದು ಇಲ್ಲಿ. ಕೆರೆ ನೀರು ಮುಟ್ಟಬೇಡ ಎನ್ನುವುದಕ್ಕೆ, ಚರಂಡಿಗೆ ಇಳಿ ಎನ್ನುವುದಕ್ಕೆ ದೇವರ ರುಜು ಹಾಕಿಸಿಕೊಂಡದ್ದು. ಗಾಂಧೀಜಿ ಅದೇ ಬಾಣವನ್ನು ಹಿಡಿದು ಬಿಟ್ಟವರ ಕಡೆಗೇ ತಿರುಗಿಸಿದರು: ಪಾಪಿಗಳು ಅವರಲ್ಲ, ನಾವು. ‘ನಾವು’ ಎಂದರು ಎಂಬುದನ್ನು ಗಮನಿಸಬೇಕು, ತಮ್ಮನ್ನು ಹೊರಗಿಟ್ಟುಕೊಳ್ಳಲಿಲ್ಲ. ಆದರೆ ಬಾಣ ಬಿದ್ದದ್ದು ಬಿಹಾರದ ಮಣ್ಣಿನಡಿ ಸಿಕ್ಕ ಕೂಸುಗಳ ಮೇಲೆ, ಅವರಲ್ಲಿ ಅಸ್ಪೃಶ್ಯರ ಕೂಸುಗಳೂ ಇದ್ದವು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕ ನೋಡಿ ಅತ್ತವರು, ಅದು ತಮ್ಮ ಬದುಕನ್ನೇ ಹಿಡಿದುಕೊಂಡಿತು ಎಂದು ಬರೆದುಕೊಂಡವರು ಇದನ್ನು ಹೇಗೆ ಕಾಣದೆ ಹೋದರು ಎಂದು ನನಗೆ ಇನ್ನೂ ಬಗೆಹರಿದಿಲ್ಲ.

ಓದುಬರಹದವರಿಗಿಂತ ಮಾರಿಗುಡಿಯ ಹೆಂಗಸರಿಗೆ ಈ ವಿಷಯ ಹೆಚ್ಚು ತಿಳಿದಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಸಿಡುಬು ಬಂದ ಮಗುವಿಗೆ ಕನ್ನಡದಲ್ಲೂ ತಮಿಳಿನಲ್ಲೂ ಒಂದೇ ಮಾತಿತ್ತು, ಅಮ್ಮ ಬಂದಿದ್ದಾಳೆ. ಬಾಗಿಲಿಗೆ ಬೇವಿನ ಸೊಪ್ಪು, ಮಗುವಿಗೆ ತಣ್ಣನೆಯ ಹಾಸಿಗೆ, ಮನೆಯಲ್ಲಿ ಒಗ್ಗರಣೆ ಇರಲಿಲ್ಲ. ಆ ಮಗುವನ್ನು ಪಾಪಿ ಎಂದು ನೋಡುತ್ತಿರಲಿಲ್ಲ. ಒಂದೆರಡು ವಾರ ಅದೇ ದೇವರು, ಗಟ್ಟಿಯಾಗಿ ಗದರುವಂತೆಯೂ ಇರಲಿಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕೊಯಮತ್ತೂರಿಗೆ ಪ್ಲೇಗು ಮತ್ತೆ ಮತ್ತೆ ಬಂದಾಗ ಮಾರಿಯಮ್ಮನಿಗೆ ಹೊಸ ಹೆಸರು ಸೇರಿತು. ಊರಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿಗಳು ಇವತ್ತಿಗೂ ಇವೆ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ, ಇರುಗೂರಿನ ಕಾಮಾಕ್ಷಿಪುರಿ ಆಧೀನಂನಲ್ಲಿ ‘ಕೊರೊನಾ ದೇವಿ’ಯ ಕಲ್ಲಿನ ಮೂರ್ತಿ ಕೂರಿಸಿದರು. ಟಿವಿಯವರು ನಕ್ಕರು. ನಗಲು ಕಾರಣವಿತ್ತು. ಆದರೆ ಅದೇ ದಿನಗಳಲ್ಲಿ ವಾಟ್ಸಾಪಿನಲ್ಲಿ ಯಾವ ಜಾತಿ, ಯಾವ ಧರ್ಮ, ಯಾವ ಊರಿನವರಿಂದ ರೋಗ ಬಂತು ಎಂದು ತೀರ್ಪು ಕೊಡುತ್ತಿದ್ದವರ ಪಕ್ಕದಲ್ಲಿಟ್ಟರೆ ರೋಗಕ್ಕೇ ಸೀರೆ ಉಡಿಸಿ ಕೈಮುಗಿದವರು ಕಡಿಮೆ ಹಾನಿ ಮಾಡಿದರು. ಮಾರಿಯ ಸಿಟ್ಟಿಗೆ ಯಾರೋ ಒಬ್ಬ ವಿಧವೆಯನ್ನು, ಯಾರೋ ಹೊರಗಿನವರನ್ನು ಕಾರಣ ಮಾಡಿ ಹಿಂಸಿಸಿದ ಊರುಗಳೂ ಇದ್ದವು. ಜನಪದ ಎಂದ ಮಾತ್ರಕ್ಕೆ ಎಲ್ಲವೂ ಬಂಗಾರವಲ್ಲ.

ದೇವರಿಗೆ ಬಿಟ್ಟದ್ದು ಎಂದು ಕೈಕಟ್ಟಿ ಕೂರುವುದಾದರೆ ಈ ಮಾತೆಲ್ಲ ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ವರ್ಷವೇ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನು ದಾಟಿಸುವುದು ಇಲಿಯ ಚಿಗಟ ಎಂದು ತೋರಿಸಿದ. ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳು ಆ ಪ್ಲೇಗಿನ ಕಾಲದವು. ‘ಹೇಗಾಯಿತು’ ಎಂದು ಹುಡುಕಿದವರು ಊರು ಕಟ್ಟಿದರು. ‘ಯಾರ ಪಾಪ’ ಎಂದು ಹುಡುಕಿದವರು ಏನು ಕಟ್ಟಿದರು ಎಂದು ನನಗೆ ತಿಳಿಯದು. ಅವಿನಾಶಿಯಲ್ಲೂ ಟೈರು ಸಿಡಿಯಿತೋ, ಲಾರಿ ಚಾಲಕ ನಿದ್ದೆಗೆ ಜಾರಿದನೋ ಎಂದು ವಿಚಾರಣೆ ನಡೆಯಲೇಬೇಕಿತ್ತು. 1998ರ ಫೆಬ್ರವರಿ 14ರಂದು ಇದೇ ನಗರದಲ್ಲಿ ಸರಣಿ ಬಾಂಬ್ ಸಿಡಿದು 58 ಜನ ಸತ್ತರಲ್ಲ, ಅದನ್ನು ವಿಧಿಯಾಟ ಎನ್ನುವುದು ಬಾಂಬ್ ಇಟ್ಟವರಿಗೆ ಉಪಕಾರ. ಮನುಷ್ಯ ಮಾಡಿದ್ದಕ್ಕೆ ಮನುಷ್ಯನನ್ನು ಕೇಳಬೇಕು, ಮಾಡಿದವನನ್ನೇ ಕೇಳಬೇಕು, ಅವನ ಬೀದಿಯವರನ್ನೆಲ್ಲ ಅಲ್ಲ. ಸೇತುವೆ ಕುಸಿದಾಗ, ಚರಂಡಿಗೆ ಇಳಿದವನು ಮೇಲೆ ಬಾರದಿದ್ದಾಗ ದೇವರಿಚ್ಛೆ ಎನ್ನುವ ಗುತ್ತಿಗೆದಾರನಿಗೂ ‘ಅವಳ ಕರ್ಮ’ ಎನ್ನುವ ನೆರೆಯವರಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ತಮ್ಮದಲ್ಲದ ಕುರ್ಚಿಯಲ್ಲಿ ಕುಳಿತು ರುಜು ಹಾಕುತ್ತಿದ್ದಾರೆ.

ಈ ಕುರ್ಚಿಯಲ್ಲಿ ನಾನೂ ಕುಳಿತಿದ್ದೇನೆ. ಎಷ್ಟೋ ವರ್ಷದ ಹಿಂದೆ ಕೊಯಮತ್ತೂರಿನಲ್ಲಿದ್ದ ನನ್ನ ದೊಡ್ಡಪ್ಪನ ಮಗಳ ಗಂಡ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಐವತ್ತೂ ಆಗಿರಲಿಲ್ಲ. ಗಾಂಧಿಪುರಂನಲ್ಲಿ ಇಳಿದು ಆಟೋ ಹಿಡಿದು ಹೋದೆ. ಒಳಗೆ ವಾಸ್ತು ಸರಿಯಿಲ್ಲ, ಬಾಗಿಲು ದಕ್ಷಿಣಕ್ಕಿದೆ ಎಂದು ಒಬ್ಬರು, ಹೋದ ವರ್ಷ ಮನೆದೇವರಿಗೆ ಹೋಗಲಿಲ್ಲವಲ್ಲ ಎಂದು ಇನ್ನೊಬ್ಬರು ಗುಸುಗುಸು ಮಾಡುತ್ತಿದ್ದರು. ನನಗೆ ಮೈ ಉರಿಯಿತು. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ. ಅಕ್ಕನ ಪಕ್ಕ ಕುಳಿತು, ಸ್ವಲ್ಪ ಹೊತ್ತು ಬಿಟ್ಟು, ‘ಭಾವ ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ ಅಕ್ಕಾ?’ ಎಂದು ಕೇಳಿದೆ.

ಅಕ್ಕ ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ಟಿವಿ ಪಕ್ಕದ ಡಬ್ಬಿಯಿಂದ ಮಾತ್ರೆಯ ಶೀಟು ತಂದು ನನ್ನ ಕೈಯಲ್ಲಿಟ್ಟಳು. ಹತ್ತರ ಶೀಟು. ಎಂಟು ಗುಳಿ ಖಾಲಿ, ಹಿಂದಿನ ಬೆಳ್ಳಿ ಹಾಳೆಯ ಮೇಲೆ ಅವಳದೇ ಅಕ್ಷರದಲ್ಲಿ ಒಂದೊಂದು ಗುಳಿಗೂ ಒಂದೊಂದು ತಾರೀಕು. ಎಂಟನೆಯದು ಹಿಂದಿನ ರಾತ್ರಿಯದು. ‘ತಗೋತಿದ್ರು ಕಣೋ’ ಎಂದಳು.